ಹಾಜರಿ ಪುಸ್ತಕದಲ್ಲಿ ಆರು ಸಹಿ: ಬಳ್ಳಾರಿಯ ಒಂದು ಮೇಸನಿಕ್ ಲಾಡ್ಜ್‌ನ ಹೊಸ ಮಾಸ್ಟರ್ ಒಬ್ಬರ ಒಂದು ವರ್ಷ

ನಮ್ಮ ಲಾಡ್ಜ್‌ನ, ಅಂದರೆ ಫ್ರೀಮೇಸನ್ ಎಂಬ ಸಹೋದರ ಸಂಘದ ನಮ್ಮ ಊರಿನ ಶಾಖೆಯ, ಸಭಾಂಗಣದ ಹೊರಗೆ, ಟೈಲರ್ ಕಾವಲು ನಿಲ್ಲುವ ಬಾಗಿಲಿನ ಪಕ್ಕದಲ್ಲಿ, ಒಂದು ಹಳೆಯ ತೇಗದ ಮೇಜಿದೆ. ಅದರ ಮೇಲೆ ಹಾಜರಿ ಪುಸ್ತಕ ಇರುತ್ತದೆ. ಒಳಗೆ ಹೋಗುವ ಪ್ರತಿಯೊಬ್ಬರೂ ಅದರಲ್ಲಿ ಸಹಿ ಹಾಕಿಯೇ ಹೋಗಬೇಕು. ಹೊಸ ಮಾಸ್ಟರ್, ಅಂದರೆ ಲಾಡ್ಜ್‌ನ ಅಧ್ಯಕ್ಷರು, ಅಧಿಕಾರ ವಹಿಸಿಕೊಂಡ ನಂತರದ ಎರಡನೆಯ ಸಭೆಯ ದಿನ ಆ ಪುಟದಲ್ಲಿ ಬಿದ್ದದ್ದು ಆರು ಸಹಿ. ಸದಸ್ಯರ ಪಟ್ಟಿಯಲ್ಲಿದ್ದ ಹೆಸರುಗಳು 39. ಆ ವರ್ಷ ಕಾರ್ಯದರ್ಶಿಯಾಗಿದ್ದವನು ನಾನು. ಆರರಲ್ಲಿ ಒಂದು ಸಹಿ ನನ್ನದು.

ಆ ವರ್ಷ ನಡೆದದ್ದನ್ನು ಬರೆದಿಡಬೇಕು ಎಂದು ಬಹಳ ದಿನಗಳಿಂದ ಅನ್ನಿಸುತ್ತಿತ್ತು. ಒಂದು ಸಂಸ್ಥೆಯ ಹೊಣೆ ಹೊರುವವರಿಗೆ, ಅದು ಲಾಡ್ಜ್ ಆಗಿರಲಿ, ಊರಿನ ವಾಚನಾಲಯದ ಸಮಿತಿಯಾಗಿರಲಿ, ಇದರಿಂದ ಉಪಯೋಗವಾಗಬಹುದು. ಯಾರ ಗುರುತೂ ಸಿಗಬಾರದೆಂದು ವೃತ್ತಿ, ವಯಸ್ಸು, ಬಡಾವಣೆ, ಕೆಲವು ಲೆಕ್ಕಗಳನ್ನು ಬದಲಿಸಿದ್ದೇನೆ. ಹೆಸರುಗಳನ್ನು ಹೇಳುವುದಿಲ್ಲ. ಲಾಡ್ಜ್‌ನ ಒಳಗಿನ ವಿಧಿಗಳಲ್ಲಿ ಹೊರಗೆ ಹೇಳಬಾರದ್ದನ್ನು ಇಲ್ಲಿ ಹೇಳಿಲ್ಲ. ಅದರ ಅಗತ್ಯವೂ ಈ ಕಥೆಗೆ ಇಲ್ಲ.

ಹಿನ್ನೆಲೆ

ಬಳ್ಳಾರಿಯಲ್ಲಿ ಲಾಡ್ಜ್ ಎಂದರೆ ಹೆಚ್ಚಿನವರಿಗೆ ಬಸ್ ನಿಲ್ದಾಣದ ಎದುರಿನ ತಂಗುಮನೆ ನೆನಪಾಗುತ್ತದೆ. ರಾತ್ರಿಗೆ ಕೋಣೆ ಸಿಗುತ್ತದೆಯೇ ಎಂದು ಕೇಳಿಕೊಂಡು ನಮ್ಮ ಗೇಟಿನವರೆಗೆ ಬಂದವರು ಇದ್ದಾರೆ. ಹಳೆಯ ತಲೆಮಾರಿನ ಉರ್ದು ಮಾತನಾಡುವವರು ಇದನ್ನು ಜಾದೂಘರ್ ಎನ್ನುತ್ತಿದ್ದರು. ಮುಚ್ಚಿದ ಬಾಗಿಲಿನ ಹಿಂದೆ ಏನು ನಡೆಯುತ್ತದೆಂದು ತಿಳಿಯದ ಜನ ಇಂಥ ಕಟ್ಟಡಗಳಿಗೆ ಉತ್ತರ ಭಾರತದಲ್ಲಿಯೂ ಇಟ್ಟ ಹೆಸರು ಅದೇ.

ಒಳಗೆ ನಡೆಯುವುದು ಕಲ್ಲುಕುಟಿಗರ ಉಪಕರಣಗಳನ್ನು ಮುಂದಿಟ್ಟುಕೊಂಡು ನಡತೆಯ ಪಾಠ. 1717ರಲ್ಲಿ ಲಂಡನ್ನಿನಲ್ಲಿ ಲಾಡ್ಜ್‌ಗಳ ಮೇಲಿನ ಸಂಸ್ಥೆಯಾದ ಮೊದಲ ಗ್ರ್ಯಾಂಡ್ ಲಾಡ್ಜ್ ರೂಪುಗೊಂಡ ಮೇಲೆ ಹದಿಮೂರೇ ವರ್ಷಗಳಲ್ಲಿ, 1730ರಲ್ಲಿ, ಕೋಲ್ಕತ್ತಾದ ಫೋರ್ಟ್ ವಿಲಿಯಂನಲ್ಲಿ ಒಂದು ಲಾಡ್ಜ್ ಶುರುವಾಯಿತು. ಮುಂದೆ ಸ್ವಾಮಿ ವಿವೇಕಾನಂದರಾದ ನರೇಂದ್ರನಾಥ ದತ್ತರು 1884ರಲ್ಲಿ ಕೋಲ್ಕತ್ತಾದ ಲಾಡ್ಜ್ ಒಂದರಲ್ಲಿ ಸೇರಿದ್ದರು. 1961ರ ನವೆಂಬರ್ 24ರಂದು ಗ್ರ್ಯಾಂಡ್ ಲಾಡ್ಜ್ ಆಫ್ ಇಂಡಿಯಾ ಸ್ಥಾಪನೆಯಾಯಿತು. ದಕ್ಷಿಣದ ಲಾಡ್ಜ್‌ಗಳ ಪ್ರಾದೇಶಿಕ ಕಚೇರಿ ಇರುವುದು ಚೆನ್ನೈನಲ್ಲಿ. ನಮ್ಮ ಊರಿಗೆ ಮದ್ರಾಸ್ ಎಂದೂ ದೂರವಾಗಿರಲಿಲ್ಲ. 1800ರಲ್ಲಿ ನಿಜಾಮರು ಈ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟಾಗಿನಿಂದ 1953ರಲ್ಲಿ ಮೈಸೂರು ರಾಜ್ಯ ಸೇರುವವರೆಗೂ ಬಳ್ಳಾರಿಯ ಕಾಗದಪತ್ರ ಹೋಗುತ್ತಿದ್ದುದು ಆ ಕಡೆಗೇ. ಇಲ್ಲಿ ದೊಡ್ಡ ದಂಡು ಇತ್ತು. ದಂಡು ಇದ್ದ ಊರಿನಲ್ಲಿ ಲಾಡ್ಜ್ ಇರುವುದು ಆ ಕಾಲದ ರೂಢಿ.

ನಾನು ಸೇರಿದ ಕಾಲಕ್ಕೆ ನಮ್ಮ ಸದಸ್ಯರಲ್ಲಿ ವೈದ್ಯರು, ವಕೀಲರು, ಹತ್ತಿಯ ವ್ಯಾಪಾರಿಗಳು, ರೈಲ್ವೆ ಅಧಿಕಾರಿಗಳು, ಗಣಿ ಕಂಪನಿಗಳ ಎಂಜಿನಿಯರ್‌ಗಳು ಇದ್ದರು. ಕನ್ನಡ, ತೆಲುಗು, ಉರ್ದು ಮೂರೂ ಒಂದೇ ಊಟದ ಮೇಜಿನಲ್ಲಿ ಕೇಳಿಸುತ್ತಿದ್ದವು. ಲಾಡ್ಜ್‌ನೊಳಗೆ ರಾಜಕೀಯ ಮತ್ತು ಧರ್ಮದ ಚರ್ಚೆ ನಿಷಿದ್ಧ. ಚುನಾವಣೆ ಬಂದರೆ ಮನೆ ಮನೆಯೇ ಇಬ್ಭಾಗವಾಗುವ ಈ ಊರಿನಲ್ಲಿ, ಎರಡು ಪಕ್ಷಗಳಿಗೆ ದುಡಿದವರು ಅಕ್ಕಪಕ್ಕ ಕುಳಿತು ಅನ್ನ ಸಾರು ಉಣ್ಣುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಲಾಡ್ಜ್ ಉಳಿಯಬೇಕು ಎಂದು ನನಗೆ ಅನ್ನಿಸಿದ್ದಕ್ಕೆ ಬೇರೆ ಯಾವ ಕಾರಣವೂ ಬೇಕಿರಲಿಲ್ಲ. 2009ರ ಅಕ್ಟೋಬರ್ ನೆರೆಯಲ್ಲಿ ತುಂಗಭದ್ರೆಯ ಪಕ್ಕದ ಹಳ್ಳಿಗಳು ಮುಳುಗಿದಾಗ ಹೊದಿಕೆ, ಪಾತ್ರೆ ಹೊತ್ತುಕೊಂಡು ಹೋದವರಲ್ಲಿ ಇದೇ ಸದಸ್ಯರಿದ್ದರು.

ಕುಸಿತ ಎರಡು ಸಲ ಬಂತು. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. ಗಣಿಗಳನ್ನು ನಂಬಿಕೊಂಡು ಊರಿಗೆ ಬಂದಿದ್ದ ಸದಸ್ಯರು ಒಬ್ಬೊಬ್ಬರಾಗಿ ವರ್ಗವಾಗಿ ಹೋದರು. ಆಮೇಲೆ ಕೋವಿಡ್. ತಿಂಗಳುಗಟ್ಟಲೆ ಬಾಗಿಲು ತೆರೆಯಲಿಲ್ಲ. ತೆರೆದಾಗ ಕೆಲವು ಕುರ್ಚಿಗಳು ಶಾಶ್ವತವಾಗಿ ಖಾಲಿಯಾಗಿದ್ದವು, ಕೆಲವು ಸುಮ್ಮನೆ ಖಾಲಿಯಾಗಿದ್ದವು.

ಮಾಸ್ಟರ್ ಆದವರು

ಲಾಡ್ಜ್‌ನಲ್ಲಿ ಮಾಸ್ಟರ್ ಪೀಠಕ್ಕೆ ಏರುವುದು ಮೆಟ್ಟಿಲು ಮೆಟ್ಟಿಲಾಗಿ. ಇನ್ನರ್ ಗಾರ್ಡ್, ಜೂನಿಯರ್ ಡೀಕನ್, ಸೀನಿಯರ್ ಡೀಕನ್, ಜೂನಿಯರ್ ವಾರ್ಡನ್, ಸೀನಿಯರ್ ವಾರ್ಡನ್, ಕೊನೆಗೆ ಪೂರ್ವ ದಿಕ್ಕಿನ ಪೀಠ. ವರ್ಷಕ್ಕೆ ಒಂದು ಮೆಟ್ಟಿಲು. ಈ ನಿಧಾನಕ್ಕೆ ಅರ್ಥವಿದೆ: ಪ್ರತಿ ಹುದ್ದೆಯಲ್ಲಿಯೂ ಬಾಯಿಪಾಠ ಮಾಡಬೇಕಾದ ಭಾಗವಿದೆ, ಎಲ್ಲಿ ನಿಲ್ಲಬೇಕು, ಹೇಗೆ ತಿರುಗಬೇಕು ಎಂಬ ಶಿಸ್ತಿದೆ. ಕುಳಿತಲ್ಲಿಂದ ಲಾಡ್ಜ್ ಬೇರೆ ಬೇರೆಯಾಗಿ ಕಾಣಿಸುತ್ತದೆ.

ನಮ್ಮಲ್ಲಿ ಆ ಏಣಿ ಮುರಿದಿತ್ತು. ಮಾಸ್ಟರ್ ಆಗಬೇಕಿದ್ದ ಸೀನಿಯರ್ ವಾರ್ಡನ್, ಬ್ಯಾಂಕ್ ಅಧಿಕಾರಿ, ಚುನಾವಣೆಗೆ ಆರು ವಾರ ಮೊದಲು ಬೇರೆ ರಾಜ್ಯಕ್ಕೆ ವರ್ಗವಾದರು. ಜೂನಿಯರ್ ವಾರ್ಡನ್ ಆಗಿ ಒಂದು ವರ್ಷ ಪೂರೈಸಿದ್ದವರು ಒಬ್ಬರಿದ್ದರು. ಅವರನ್ನು ಔಷಧ ವಿತರಣೆಯ ವ್ಯಾಪಾರಿ ಎಂದುಕೊಳ್ಳಿ, ವಯಸ್ಸು ನಲವತ್ತು ದಾಟಿದೆ ಎಂದುಕೊಳ್ಳಿ. ಚುರುಕಿನ ಮನುಷ್ಯ. ಯಾರಿಗೂ ಇಲ್ಲ ಎನ್ನದವರು. ಬೇರೆ ಯಾರೂ ಮುಂದೆ ಬರಲಿಲ್ಲವಾದ್ದರಿಂದ ಚುನಾವಣೆ ನಡೆದದ್ದೇ ಗೊತ್ತಾಗಲಿಲ್ಲ. ಯಾರೂ ಎದುರು ನಿಲ್ಲದೆ ಸಿಗುವ ಅಧಿಕಾರ ಯಾರ ಬೆಂಬಲವೂ ಇಲ್ಲದ ಅಧಿಕಾರ ಎಂಬುದು ಆಗ ನಮಗೆ ಹೊಳೆಯಲಿಲ್ಲ.

ಅವರ ಕೈಗೆ ಬಂದದ್ದು ಏನು? ಅರ್ಧಕ್ಕೂ ಹೆಚ್ಚು ಸದಸ್ಯರ ವಾರ್ಷಿಕ ಶುಲ್ಕ ಬಾಕಿ. ಮದ್ರಾಸ್ ತಾರಸಿಯ ಹಳೆಯ ಸೂರು. ತೇಗದ ತೊಲೆಗಳ ಮೇಲೆ ಇಟ್ಟಿಗೆ ಹೊಂದಿಸಿ ಗಾರೆ ಹಾಕಿದ ಅದು ನಮ್ಮ ಬಿಸಿಲನ್ನು ತಡೆಯುತ್ತದೆ, ಆದರೆ ಬಿರುಕು ಬಿಟ್ಟರೆ ಸೆಪ್ಟೆಂಬರ್‌ನ ನಾಲ್ಕು ಮಳೆಯನ್ನೂ ತಡೆಯುವುದಿಲ್ಲ. ಹಿಂದೆ ಆ ಪೀಠದಲ್ಲಿ ಕುಳಿತಿದ್ದ ಇಬ್ಬರು ಹಿರಿಯ ಪಾಸ್ಟ್ ಮಾಸ್ಟರ್‌ಗಳು ಪ್ರತಿ ವಿಧಿಯಲ್ಲಿಯೂ ದೊಡ್ಡ ಪಾತ್ರಗಳನ್ನು ತಾವೇ ನಿರ್ವಹಿಸುತ್ತಿದ್ದರು. ಅವರಷ್ಟು ಚೆನ್ನಾಗಿ ಬೇರೆಯವರು ಮಾಡಲಾರರು ಎಂಬುದು ನಿಜ. ಇಪ್ಪತ್ತು ವರ್ಷಗಳಿಂದ ಬೇರೆಯವರಿಗೆ ಅವಕಾಶವೇ ಸಿಕ್ಕಿರಲಿಲ್ಲ ಎಂಬುದೂ ನಿಜ. ಮೂವತ್ತರ ಆಸುಪಾಸಿನ ಸದಸ್ಯರು ಪಕ್ಕದ ಬೆಂಚಿನಲ್ಲಿ ಬಿಳಿ ಕೈಗವಸು ಹಾಕಿಕೊಂಡು ಪ್ರೇಕ್ಷಕರಂತೆ ಕುಳಿತು ಎದ್ದು ಹೋಗುತ್ತಿದ್ದರು. ಆಮೇಲೆ ಬರುವುದನ್ನೇ ಬಿಟ್ಟರು.

ಮೊದಲ ಮೂರು ತಿಂಗಳು

ಅಧಿಕಾರ ಸ್ವೀಕಾರದ ಸಂಜೆ ಚೆನ್ನಾಗಿಯೇ ನಡೆಯಿತು. ಹುಬ್ಬಳ್ಳಿ, ಬೆಂಗಳೂರು ಕಡೆಯಿಂದ ಅತಿಥಿಗಳು ಬಂದಿದ್ದರು. ಕೊರಳಿಗೆ ಕಾಲರ್ ಹಾಕಿಸಿಕೊಂಡು, ಮೂಲೆಮಟ್ಟದ ಲಾಂಛನ ಎದೆಯ ಮೇಲೆ ತೂಗುತ್ತಿರುವಾಗ, ಅವರು ಜೇಬಿನಿಂದ ಒಂದು ಕಾಗದ ತೆಗೆದು ಹನ್ನೆರಡು ಅಂಶಗಳ ಯೋಜನೆಯನ್ನು ಓದಿದರು. ಹೊಸ ಸದಸ್ಯರ ಸೇರ್ಪಡೆ, ಶುಲ್ಕ ವಸೂಲಿ, ತಾರಸಿ ದುರಸ್ತಿ, ಕಣ್ಣಿನ ತಪಾಸಣಾ ಶಿಬಿರ, ವಾಟ್ಸಾಪ್ ಗುಂಪು, ಕುಟುಂಬ ಸಮಾರಂಭ, ಹೀಗೆ. ಒಂದೊಂದೂ ಒಳ್ಳೆಯದೇ. ಆದರೆ ಅದರಲ್ಲಿ ಒಂದನ್ನೂ ಅವರು ಮೊದಲೇ ಯಾರೊಂದಿಗೂ ಮಾತನಾಡಿರಲಿಲ್ಲ. ಸೀನಿಯರ್ ವಾರ್ಡನ್ ಆಗಿ ಪಶ್ಚಿಮದಲ್ಲಿ ಕುಳಿತಿದ್ದ ರೈಲ್ವೆ ಎಂಜಿನಿಯರ್ ಆ ಪಟ್ಟಿಯನ್ನು ನಮ್ಮೆಲ್ಲರ ಜೊತೆಗೇ ಮೊದಲ ಬಾರಿಗೆ ಕೇಳಿದರು. ಹಿರಿಯರಿಬ್ಬರ ಮುಖ ನೆಲ ನೋಡುತ್ತಿತ್ತು. ಓದಿ ಮುಗಿದ ಮೇಲೆ ಚಪ್ಪಾಳೆ ಬಂತು, ಅತಿಥಿಗಳ ಕಡೆಯಿಂದ.

ಮೊದಲ ಸಭೆಗೆ ಹನ್ನೊಂದು ಜನ. ಎರಡನೆಯದು ಮುಖ್ಯವಾದದ್ದು. ಒಬ್ಬ ಯುವ ವೈದ್ಯರ ದೀಕ್ಷೆ, ಅಂದರೆ ಅವರನ್ನು ಸದಸ್ಯರಾಗಿ ಸೇರಿಸಿಕೊಳ್ಳುವ ವಿಧಿ, ಅಂದು ನಡೆಯಬೇಕಿತ್ತು. ಅವರು ಸಂಜೆ ಆರೂವರೆಗೇ ಕಪ್ಪು ಸೂಟು ತೊಟ್ಟು ಬಂದು ಹೊರಗಿನ ಕೋಣೆಯಲ್ಲಿ ಕುಳಿತರು. ಏಳಾಯಿತು. ಏಳೂವರೆಯಾಯಿತು. ಆರು ಸಹಿಗಿಂತ ಹೆಚ್ಚು ಬೀಳಲಿಲ್ಲ. ವಿಧಿಗೆ ಬೇಕಾದಷ್ಟು ಅಧಿಕಾರಿಗಳೇ ಇರಲಿಲ್ಲ. ಎಂಟು ಗಂಟೆಗೆ ಮಾಸ್ಟರ್ ಹೊರಗೆ ಬಂದು ಆ ಹುಡುಗನ ಎದುರು ನಿಂತು ಕ್ಷಮೆ ಕೇಳಿದರು. ಆತ ಪರವಾಗಿಲ್ಲ ಸರ್ ಎಂದು ಎದ್ದು ಹೋದ. ಮೆಟ್ಟಿಲಿಳಿಯುವಾಗ ಟೈಯನ್ನು ಸಡಿಲಿಸಿಕೊಂಡದ್ದು ಮಾತ್ರ ನನ್ನ ಕಣ್ಣಿಗೆ ಈಗಲೂ ಕಟ್ಟಿದಂತಿದೆ.

ಆ ರಾತ್ರಿ ಮಾಸ್ಟರ್ ನನ್ನ ಮನೆಗೆ ಬಂದು ರಾಜೀನಾಮೆ ಕೊಡುತ್ತೇನೆ ಎಂದರು. ಸೋಮಾರಿಗಳು, ಹೊಟ್ಟೆಕಿಚ್ಚಿನವರು, ಬೇಕೆಂದೇ ಬರಲಿಲ್ಲ ಎಂದು ಬಹಳ ಹೊತ್ತು ಮಾತನಾಡಿದರು. ನಾನು ತಲೆಯಾಡಿಸುತ್ತ ಕೇಳಿದೆ. ಅವರು ಹೋದ ಮೇಲೆ ನನಗೆ ನಿದ್ದೆ ಬರಲಿಲ್ಲ, ಏಕೆಂದರೆ ಅವರಿಗೆ ಹೇಳದೆ ಬಿಟ್ಟ ಒಂದು ಮಾತಿತ್ತು. ಪ್ರತಿ ಸಭೆಗೂ ಸಮನ್ಸ್ ಎಂದು ಕರೆಯುವ ಅಚ್ಚು ಹಾಕಿದ ಕರೆಯೋಲೆಯನ್ನು ಸದಸ್ಯರ ಮನೆಗೆ ತಲುಪಿಸುವುದು ನಮ್ಮಲ್ಲಿ ತಲೆತಲಾಂತರದಿಂದ ಬಂದ ಕ್ರಮ. ಹೊಸ ಪದ್ಧತಿ ಎಂದು ಅದನ್ನು ನಾನು ವಾಟ್ಸಾಪ್‌ಗೆ ಇಳಿಸಿದ್ದೆ. ಹದಿಮೂರು ಜನ ಆ ಗುಂಪಿನಲ್ಲಿಯೇ ಇರಲಿಲ್ಲ. ಐದಾರು ಜನರ ಸಂಖ್ಯೆಗಳು ಬದಲಾಗಿದ್ದವು. ಬರಲಿಲ್ಲ ಎಂದು ನಾವು ದೂರುತ್ತಿದ್ದವರಲ್ಲಿ ಅರ್ಧದಷ್ಟು ಜನರನ್ನು ಕರೆದೇ ಇರಲಿಲ್ಲ.

ಬೆಳಿಗ್ಗೆ ಅಂಗಡಿಗೆ ಹೋಗಿ ಅದನ್ನು ಅವರಿಗೆ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮುಂದಿನ ಸಮನ್ಸ್ ನಾವಿಬ್ಬರೇ ಹಂಚೋಣ" ಎಂದರು.

ಮನೆ ಮನೆಗೆ

ಪಟ್ಟಿಯಲ್ಲಿದ್ದ 39ರಲ್ಲಿ 28 ಜನ ಊರಿನಲ್ಲಿಯೇ ಇದ್ದರು. ನಾಲ್ಕು ಸಂಜೆ ಅವರ ಸ್ಕೂಟರಿನಲ್ಲಿ ಸುತ್ತಿದೆವು. ಕೋಟೆ ಬೆಟ್ಟದ ಕೆಳಗಿನ ಹಳೆಯ ಬೀದಿಗಳಿಂದ ಹೊಸ ಬಡಾವಣೆಗಳವರೆಗೆ. ಏಪ್ರಿಲ್ ತಿಂಗಳು. ಸಂಜೆ ಆರಕ್ಕೂ ಬಂಡೆಗಳ ಕಾವು ಮುಖಕ್ಕೆ ಬಡಿಯುತ್ತಿತ್ತು.

ಆ ನಾಲ್ಕು ಸಂಜೆಗಳಲ್ಲಿ ತಿಳಿದದ್ದು ನಮ್ಮ ಹನ್ನೆರಡು ಅಂಶಗಳ ಯಾವ ಮೂಲೆಯಲ್ಲಿಯೂ ಇರಲಿಲ್ಲ. ಒಬ್ಬ ಹಿರಿಯರಿಗೆ ಕಣ್ಣಿನ ಪೊರೆ ಬೆಳೆದು ರಾತ್ರಿ ವಾಹನ ನಡೆಸಲಾಗುತ್ತಿರಲಿಲ್ಲ. ಹಾಗೆಂದು ಹೇಳಿಕೊಳ್ಳಲು ಅವರಿಗೆ ಸಂಕೋಚ. ಇನ್ನೊಬ್ಬರ ಹೆಂಡತಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್. ಇಬ್ಬರು ಶುಲ್ಕ ಬಾಕಿ ಇದೆ ಎಂಬ ನಾಚಿಕೆಯಿಂದ ಬರುವುದನ್ನು ಬಿಟ್ಟಿದ್ದರು. ಕಟ್ಟಲು ಹಣವಿತ್ತು, ಮೂರು ವರ್ಷ ಕಟ್ಟದೆ ಹೇಗೆ ಮುಖ ತೋರಿಸುವುದು ಎಂಬುದೇ ಅಡ್ಡಿ. ಒಬ್ಬ ಯುವಕ ಬಾಗಿಲಲ್ಲೇ ನಿಂತು, "ಅಲ್ಲಿ ನನಗೆ ಏನು ಕೆಲಸ ಇದೆ ಹೇಳಿ" ಎಂದ. ಅದು ಸಿಟ್ಟಿನ ಮಾತಲ್ಲ, ನಿಜವಾದ ಪ್ರಶ್ನೆ.

ಮೂರನೆಯ ಸಂಜೆ ಹೋದ ಒಂದು ಮನೆಯಲ್ಲಿ ನಮ್ಮ ಸದಸ್ಯರು ಐದು ತಿಂಗಳ ಹಿಂದೆಯೇ ತೀರಿಕೊಂಡಿದ್ದರು. ನಮ್ಮಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಅವರ ಹೆಸರಿಗೆ ಬರೆದ ಲಕೋಟೆ ನನ್ನ ಕೈಯಲ್ಲಿಯೇ ಇತ್ತು. ಅವರ ಪತ್ನಿ ನಮ್ಮನ್ನು ಒಳಗೆ ಕರೆದು ಕೂರಿಸಿ, ಬೀರುವಿನಿಂದ ಒಂದು ಗಂಟನ್ನು ತಂದರು. ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿದ್ದರು. ಬಿಚ್ಚಿದರೆ ಒಣಗಿದ ಬೇವಿನ ಎಲೆಗಳ ನಡುವೆ, ಸದಸ್ಯರು ಸಭೆಯಲ್ಲಿ ಸೊಂಟಕ್ಕೆ ಕಟ್ಟಿಕೊಳ್ಳುವ ಏಪ್ರನ್. ಕುರಿಮರಿಯ ಚರ್ಮದ ಬಿಳುಪು ಸ್ವಲ್ಪ ಹಳದಿಗೆ ತಿರುಗಿತ್ತು, ಅಂಚಿನ ತಿಳಿನೀಲಿ ರೇಷ್ಮೆ ಮಾಸಿರಲಿಲ್ಲ. ಮೂರು ನೀಲಿ ಹೂಗಂಟುಗಳಲ್ಲಿ ಒಂದು ಸಡಿಲವಾಗಿದ್ದುದನ್ನು ಅವರೇ ಸೂಜಿದಾರದಿಂದ ಹೊಲಿದಿದ್ದರು. "ಇದನ್ನು ಮನೆಯಲ್ಲಿ ಇಟ್ಟುಕೊಳ್ಳಬಹುದೋ, ಹೊಳೆಗೆ ಬಿಡಬೇಕೋ ತಿಳಿಯಲಿಲ್ಲ. ಕೇಳೋಣವೆಂದರೆ ನಿಮ್ಮವರು ಯಾರೂ ಬರಲಿಲ್ಲ" ಎಂದರು. ಆ ಮಾತಿನಲ್ಲಿ ದೂರು ಇರಲಿಲ್ಲ. ಅದಕ್ಕೇ ಅದು ಅಷ್ಟು ಆಳಕ್ಕೆ ಇಳಿಯಿತು.

ಹಿಂದಿರುಗುವಾಗ ಮಾಸ್ಟರ್ ಸ್ಕೂಟರನ್ನು ರಸ್ತೆಯ ಬದಿಗೆ ನಿಲ್ಲಿಸಿದರು. ಲಾಡ್ಜ್‌ನಲ್ಲಿ ಆಲ್ಮನರ್ ಎಂಬ ಹುದ್ದೆ ಇದೆ. ಸದಸ್ಯರ, ತೀರಿಕೊಂಡವರ ಮನೆಯವರ ಕಷ್ಟಸುಖ ವಿಚಾರಿಸುವುದೇ ಆ ಹುದ್ದೆಯವರ ಕೆಲಸ. ಅವರ ಕಾಲರ್‌ನಲ್ಲಿ ತೂಗುವ ಲಾಂಛನ ಒಂದು ಪುಟ್ಟ ಥೈಲಿ. ನಮ್ಮಲ್ಲಿ ಆ ಹುದ್ದೆಗೆ ಮೂರು ವರ್ಷಗಳಿಂದ ಒಂದು ಹೆಸರು ಬರೆದಿತ್ತು, ಕೆಲಸ ನಡೆದಿರಲಿಲ್ಲ. "ನಾನು ಶುರು ಮಾಡಿದ್ದು ತಪ್ಪು ತುದಿಯಿಂದ" ಎಂದರು ಮಾಸ್ಟರ್.

ಬದಲಾದ ದಾರಿ

ಮರುದಿನ ಅವರು ತೆಗೆದುಕೊಂಡ ನಿರ್ಧಾರ ನನಗೆ ಆಗ ಅತಿಯೆನಿಸಿತ್ತು. ಆರು ತಿಂಗಳು ಹೊಸ ಸದಸ್ಯರ ಮಾತೇ ಬೇಡ, ಈಗಾಗಲೇ ಒಪ್ಪಿಗೆಯಾದ ಆ ವೈದ್ಯರೊಬ್ಬರನ್ನು ಬಿಟ್ಟು. ಹನ್ನೆರಡು ಅಂಶಗಳ ಕಾಗದವನ್ನು ಹರಿದು ಹಾಕಿದರು. ನಿವೃತ್ತ ಶಿಕ್ಷಕರೊಬ್ಬರನ್ನು ಆಲ್ಮನರ್ ಮಾಡಿ, ಅವರಿಗೆ ಒಂದು ಉದ್ದ ನೋಟ್‌ಬುಕ್ ಕೊಟ್ಟರು. ಯಾರ ಮನೆಗೆ ಯಾವ ದಿನ ಹೋದೆ, ಏನು ತಿಳಿಯಿತು, ಇಷ್ಟೇ ಬರೆಯಬೇಕು. ಸಭೆಯ ದಿನ ಬದಲಿಸಬೇಕಾದರೆ ಬೈಲಾ ತಿದ್ದಬೇಕು, ಅದು ದೊಡ್ಡ ಸುತ್ತು. ಆದ್ದರಿಂದ ದಿನವನ್ನು ಹಾಗೆಯೇ ಇಟ್ಟು ಹೊತ್ತನ್ನು ಮಾತ್ರ ಏಳರಿಂದ ಐದೂವರೆಗೆ ತಂದರು. ಪೊರೆ ಬಂದವರನ್ನು ಕರೆತಂದು ಬಿಡುವ ಹೊಣೆ ಇಬ್ಬರು ಕಿರಿಯರಿಗೆ. ಶುಲ್ಕದ ಬಾಕಿಯನ್ನು ಕಂತಿನಲ್ಲಿ ಕಟ್ಟಬಹುದು ಎಂದು ಖಜಾಂಚಿ ಒಬ್ಬೊಬ್ಬರಿಗೇ ಖಾಸಗಿಯಾಗಿ ತಿಳಿಸಿದರು. ಸಭೆಯಲ್ಲಿ ಯಾರ ಹೆಸರೂ ಬರಲಿಲ್ಲ.

ಏಪ್ರನ್ನನ್ನು ಇಟ್ಟುಕೊಳ್ಳುವುದು ಅವರ ಇಷ್ಟ ಎಂದು ಆಲ್ಮನರ್ ಆ ತಾಯಿಗೆ ಹೇಳಿ ಬಂದರು. ಅವರು ಇಟ್ಟುಕೊಂಡರು.

ವಿಧಿಗಳ ವಿಷಯ ಇದಕ್ಕಿಂತ ಕಷ್ಟದ್ದು. ಮಾಸ್ಟರ್ ಹಿರಿಯರಿಬ್ಬರ ಮನೆಗೂ ಹೋಗಿ ಒಂದೇ ಮಾತು ಕೇಳಿದರು: ಈ ವರ್ಷ ನೀವು ಪಾತ್ರ ಮಾಡಬೇಡಿ, ಆರು ಜನರಿಗೆ ಕಲಿಸಿಕೊಡಿ. ಕೇಳುವಾಗ ಕೈಮುಗಿದೇ ಕೇಳಿದರು, ಆದರೂ ಅದು ಒಬ್ಬ ಕಲಾವಿದನನ್ನು ರಂಗದಿಂದ ಇಳಿಯಿರಿ ಎಂದಂತೆಯೇ. ಮೊದಲನೆಯವರು ನಿವೃತ್ತ ವಕೀಲರು, ಮನೆಮಾತು ತೆಲುಗು. ಎರಡು ತಿಂಗಳು ಮಾತು ಬಿಟ್ಟರು. ಎರಡನೆಯವರು, "ನನಗಿನ್ನು ಅಲ್ಲಿ ಜಾಗವಿಲ್ಲ ಎಂದಾಯಿತು" ಎಂದು ಗೇಟಿನವರೆಗೂ ಬಂದು ನಮ್ಮನ್ನು ಬೀಳ್ಕೊಟ್ಟರು. ಅವರು ಮತ್ತೆ ಬರಲಿಲ್ಲ.

ವಕೀಲರು ಮಳೆಗಾಲದ ಒಂದು ಭಾನುವಾರ ಕೈಯಲ್ಲಿ ತಮ್ಮ ಹಳೆಯ ಟಿಪ್ಪಣಿ ಪುಸ್ತಕ ಹಿಡಿದು ಬಂದರು. ಅಂದಿನಿಂದ ತಿಂಗಳಿಗೆ ಎರಡು ಸಲ ಅಭ್ಯಾಸದ ತರಗತಿ ನಡೆಯಿತು. ವಿಧಿಯ ಭಾಷೆ ಇಂಗ್ಲಿಷ್, ಅದೂ ಹಳೆಯ ಕಾಲದ ಉದ್ದುದ್ದ ವಾಕ್ಯಗಳು. ಹುಡುಗರು ಗಿಳಿಪಾಠ ಒಪ್ಪಿಸಿ ನಡುವೆ ತಡವರಿಸುತ್ತಿದ್ದರು. ಒಂದು ದಿನ ವಕೀಲರು ಪುಸ್ತಕ ಮುಚ್ಚಿಟ್ಟು, ಉಪಕರಣಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು, ಇವಕ್ಕೆ ನಿಮ್ಮ ಮನೆ ಕಟ್ಟಿದ ಗೌಂಡಿ ಏನೆನ್ನುತ್ತಾನೆ ಹೇಳಿ ಎಂದರು. ಮೂಲೆಮಟ್ಟ, ರಸಮಟ್ಟ, ತೂಕದ ಗುಂಡು, ಉಳಿ, ಸುತ್ತಿಗೆ. ಗೋಡೆ ನೆಟ್ಟಗಿದೆಯೇ ಎಂದು ತೂಕದ ಗುಂಡು ಬಿಟ್ಟು ನೋಡುವುದನ್ನು ಅವರಲ್ಲಿ ನೋಡದವರು ಯಾರೂ ಇರಲಿಲ್ಲ. ಹಂಪಿಗೆ ಹೋದವರು ಬಂಡೆಗಳ ಮೇಲೆ ಸಾಲಾಗಿ ಕೊರೆದ ಗುಣಿಗಳನ್ನು ನೋಡಿರುತ್ತೀರಿ. ಬೆಣೆ ಹೊಡೆದು ಕಲ್ಲು ಸೀಳಲು ಮಾಡಿದ ಗುರುತುಗಳು ಅವು. ಕೆಲವು ಬಂಡೆಗಳಲ್ಲಿ ಗುಣಿ ಇದೆ, ಕಲ್ಲು ಸೀಳಿಲ್ಲ, ಕೆಲಸ ಅರ್ಧಕ್ಕೇ ನಿಂತಿದೆ. ಒರಟು ಕಲ್ಲು ನಯವಾಗುವ ಪಾಠವನ್ನು ವಕೀಲರು ಆ ಬಂಡೆಗಳಿಂದ ಶುರು ಮಾಡಿದರು. ವಿಧಿಯ ಮಾತು ಇಂಗ್ಲಿಷಿನಲ್ಲಿಯೇ ಉಳಿಯಿತು. ಆದರೆ ಹೇಳುವವರ ದನಿ ಬದಲಾಯಿತು, ಏಕೆಂದರೆ ಈಗ ಅವರಿಗೆ ತಾವು ಏನು ಹೇಳುತ್ತಿದ್ದೇವೆ ಎಂಬುದು ಗೊತ್ತಿತ್ತು.

"ಅಲ್ಲಿ ನನಗೆ ಏನು ಕೆಲಸ" ಎಂದು ಕೇಳಿದ್ದ ಯುವಕನಿಗೆ ಜೂನಿಯರ್ ಡೀಕನ್ ಕೋಲು ಸಿಕ್ಕಿತು. ಆಗಸ್ಟ್‌ನಲ್ಲಿ ಆ ವೈದ್ಯರ ದೀಕ್ಷೆ ನಡೆಯಿತು. ಸೂಟು ಅದೇ. ಹಾಜರಿ ಪುಸ್ತಕದಲ್ಲಿ ಹತ್ತೊಂಬತ್ತು ಸಹಿ.

ತಾರಸಿಯ ಹಣ

ಅದೇ ತಿಂಗಳ ಕೊನೆಯಲ್ಲಿ ಬಂದ ಪರೀಕ್ಷೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಸಾರಿಗೆ ಗುತ್ತಿಗೆದಾರರೊಬ್ಬರು, ಊರಿನಲ್ಲಿ ಪ್ರಭಾವವುಳ್ಳವರು, ತಾವು ಸದಸ್ಯರಾಗಲು ಬಯಸುವುದಾಗಿ ಹೇಳಿ ಕಳುಹಿಸಿದರು. ಜೊತೆಗೆ ಇನ್ನೊಂದು ಮಾತು: ತಾರಸಿಯ ಪೂರ್ತಿ ಖರ್ಚು ತಮ್ಮದು. ಮೇಸನ್ನರಲ್ಲಿ ಸೇರುವವನು ತಾನಾಗಿ ಬರಬೇಕು, ಇಬ್ಬರು ಸದಸ್ಯರು ಸೂಚಿಸಿ ಅನುಮೋದಿಸಬೇಕು, ವಿಚಾರಣೆಯಾಗಬೇಕು, ಕೊನೆಗೆ ಗುಟ್ಟಿನ ಮತದಾನ. ಒಪ್ಪಿಗೆಗೆ ಬಿಳಿ ಗೋಲಿ, ನಿರಾಕರಣೆಗೆ ಕಪ್ಪು ಗೋಲಿ ಹಾಕುವ ಪೆಟ್ಟಿಗೆ ಇನ್ನೂ ಇದೆ. ಇವರು ತಾವಾಗಿಯೇ ಬಂದಿದ್ದರು. ಕೆಟ್ಟ ಹೆಸರೂ ಇರಲಿಲ್ಲ. ಪ್ರಶ್ನೆ ಇದ್ದದ್ದು ಹಣದ ಬಗ್ಗೆ.

ನಮ್ಮ ಸಮಿತಿಯಲ್ಲಿ ಹೆಚ್ಚಿನವರು ತೆಗೆದುಕೊಳ್ಳೋಣ ಎಂದೆವು. ನಾನೂ ಅದೇ ಪಕ್ಷ. ಅಷ್ಟು ಹೊತ್ತಿಗೆ ಊಟದ ಕೋಣೆಯಲ್ಲಿ ಎರಡು ಬಕೆಟ್ ಇಡುವ ಸ್ಥಿತಿ ಬಂದಿತ್ತು. ಮಾಸ್ಟರ್ ಕೇಳಿದ್ದು ಒಂದೇ ಪ್ರಶ್ನೆ: ಅವರ ಹಣದಿಂದ ಸೂರು ಆದ ಮೇಲೆ, ಆ ಸೂರಿನ ಕೆಳಗೆ ಕುಳಿತು ಅವರಿಗೆ ಕಪ್ಪು ಗೋಲಿ ಹಾಕುವ ಸ್ವಾತಂತ್ರ್ಯ ನಿಮ್ಮಲ್ಲಿ ಯಾರಿಗೆ ಉಳಿಯುತ್ತದೆ? ಯಾರೂ ಉತ್ತರಿಸಲಿಲ್ಲ. ಅರ್ಜಿಯನ್ನು ಎಲ್ಲರಂತೆ ಪರಿಶೀಲಿಸುತ್ತೇವೆ, ಮತದಾನ ಮುಗಿಯುವವರೆಗೆ ಒಂದು ರೂಪಾಯಿಯನ್ನೂ ಸ್ವೀಕರಿಸುವುದಿಲ್ಲ ಎಂದು ಪತ್ರ ಹೋಯಿತು. ಅವರು ಅರ್ಜಿ ಹಿಂತೆಗೆದುಕೊಂಡರು.

ನಿರ್ಧಾರ ಸರಿಯಾಗಿತ್ತು ಎಂದು ಈಗ ನನಗೆ ಅನುಮಾನವಿಲ್ಲ. ಆದರೆ ಅದನ್ನು ಪತ್ರದಲ್ಲಿ ತಿಳಿಸಿದ್ದು ತಪ್ಪು. ಸಮನ್ಸ್ ಕೊಡಲು ಮನೆ ಮನೆಗೆ ಹೋದವರು ಆ ಮನೆಗೂ ಹೋಗಬೇಕಿತ್ತು. ಎದುರು ಕುಳಿತು ಕಾರಣ ಹೇಳಿದ್ದರೆ ಅವರು ಅರ್ಥ ಮಾಡಿಕೊಳ್ಳುತ್ತಿದ್ದರೋ ಏನೋ. ಕಾಗದದಲ್ಲಿ ಅದು ಅವಮಾನದಂತೆ ಓದಿಸಿಕೊಂಡಿತು.

ತಾರಸಿಗೆ ಸದಸ್ಯರಿಂದಲೇ ವಂತಿಗೆ ಎತ್ತಿದೆವು. ಬಂದ ಹಣದಲ್ಲಿ ಸಭಾಂಗಣದ ಮೇಲಿನ ಭಾಗ ಮಾತ್ರ ದುರಸ್ತಿಯಾಯಿತು. ಊಟದ ಕೋಣೆಯ ಬಕೆಟ್‌ಗಳು ಈಗಲೂ ಇವೆ.

ಪೀಠ ಬಿಟ್ಟುಕೊಟ್ಟದ್ದು

ಇಷ್ಟರಲ್ಲಿ ಅವರ ಅಂಗಡಿ ಸೊರಗುತ್ತಿತ್ತು. ವಾರಕ್ಕೆ ನಾಲ್ಕು ಸಂಜೆ ಲಾಡ್ಜ್‌ನ ಕೆಲಸ. ಒಂದು ತರಗತಿಯ ನಂತರ ವಕೀಲರು ಇಪ್ಪತ್ತನಾಲ್ಕು ಇಂಚಿನ ಅಳತೆಗೋಲನ್ನು ಅವರ ಕೈಯಲ್ಲಿಟ್ಟರು. ಹೊಸಬರಿಗೆ ಕೊಡುವ ಮೊದಲ ಉಪಕರಣ ಅದು. ದಿನದ ಇಪ್ಪತ್ತನಾಲ್ಕು ಗಂಟೆಗಳನ್ನು ಪ್ರಾರ್ಥನೆಗೆ, ದುಡಿಮೆಗೆ, ವಿಶ್ರಾಂತಿಗೆ, ಕಷ್ಟದಲ್ಲಿರುವವರ ನೆರವಿಗೆ ಹಂಚಿಕೊಳ್ಳಬೇಕು ಎಂಬುದು ಅದರ ಪಾಠ. ಆ ನೆರವೂ ತನಗೆ, ತನ್ನವರಿಗೆ ಹಾನಿಯಾಗದಷ್ಟು. "ಕೊನೆಯ ಮಾತನ್ನು ನೀವು ಬಾಯಿಪಾಠ ಮಾಡಿದ್ದೀರಿ, ಕೇಳಿಸಿಕೊಂಡಿಲ್ಲ" ಎಂದರು.

ಅಂದಿನಿಂದ ಅವರು ರೈಲ್ವೆ ಎಂಜಿನಿಯರ್ ಆಗಿದ್ದ ಸೀನಿಯರ್ ವಾರ್ಡನ್‌ರನ್ನು ಪ್ರತಿ ನಿರ್ಧಾರಕ್ಕೂ ಜೊತೆಗೆ ಕೂರಿಸಿಕೊಂಡರು. ಆ ಮನುಷ್ಯ ಮಿತಭಾಷಿ. ನಾವು ಅವರನ್ನು ನಿರುತ್ಸಾಹಿ ಎಂದು ತಿಳಿದಿದ್ದೆವು. ಪಟ್ಟಿಯಲ್ಲಿ ಮೂರೇ ಅಂಶ ಉಳಿದವು: ಆಲ್ಮನರ್ ಪುಸ್ತಕ, ಅಭ್ಯಾಸದ ತರಗತಿ, ಕೈಯಿಂದ ಹಂಚುವ ಸಮನ್ಸ್. ಮೂರೂ ಮುಂದಿನ ಮಾಸ್ಟರ್‌ಗೂ ಅದರ ಮುಂದಿನವರಿಗೂ ಒಪ್ಪಿಗೆಯೇ ಎಂದು ಕೇಳಿಯೇ ಬರೆದದ್ದು.

ವರ್ಷದ ಕೊನೆಗೆ ಎಲ್ಲರೂ ಇನ್ನೊಂದು ವರ್ಷ ನೀವೇ ಇರಿ ಎಂದರು. ಮನಸ್ಸಿನಿಂದಲೇ ಹೇಳಿದ ಮಾತು. ಅವರು ಒಪ್ಪಲಿಲ್ಲ. ಏಣಿ ಮುರಿದದ್ದರಿಂದಲೇ ನಮಗೆ ಈ ಗತಿ ಬಂತು, ನಾನು ಇಲ್ಲೇ ಕುಳ್ಳಿರುತ್ತಾ ಹೋದರೆ ಕೆಳಗಿನ ಮೆಟ್ಟಿಲಿನವರು ಅಲ್ಲಲ್ಲೇ ನಿಲ್ಲುತ್ತಾರೆ ಎಂದರು. ಎಂಜಿನಿಯರ್ ಪೀಠಕ್ಕೆ ಬಂದ ಸಂಜೆ ಯಾವ ಯೋಜನೆಯನ್ನೂ ಓದಲಿಲ್ಲ. ಆಲ್ಮನರ್ ನೋಟ್‌ಬುಕ್ಕಿನಿಂದ ಆ ತಿಂಗಳು ನೋಡಬೇಕಾದ ಏಳು ಹೆಸರುಗಳನ್ನು ಓದಿ, ಯಾರು ಯಾರ ಮನೆಗೆ ಹೋಗುತ್ತೀರಿ ಎಂದು ಕೇಳಿದರು.

ಬೇರೆ ಊರಿನ ಲಾಡ್ಜ್‌ಗಳವರು ಈ ಪ್ರಕರಣದ ಬಗ್ಗೆ ಕೇಳಿದಾಗ ಸಂಖ್ಯೆಗಳನ್ನು ಕೇಳುತ್ತಾರೆ. ಹೇಳುತ್ತೇನೆ: ಪಟ್ಟಿಯಲ್ಲಿ 41, ಸಭೆಗೆ ಇಪ್ಪತ್ತರ ಆಸುಪಾಸು, ಬಾಕಿ ಮೂರನೆಯ ಒಂದು ಭಾಗಕ್ಕೆ ಇಳಿದಿದೆ. ಆದರೆ ಇದನ್ನೆಲ್ಲ ತಿರುಗಿಸಿದ್ದು ಯಾವ ಯೋಜನೆಯೂ ಅಲ್ಲ, ಮಾಸ್ಟರ್ ತಾವೇ ಲಕೋಟೆ ಹಿಡಿದು ಬಾಗಿಲು ತಟ್ಟಿದ್ದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಹಾಗೆ ಹೋಗದಿದ್ದರೆ ಪೊರೆ, ಡಯಾಲಿಸಿಸ್, ನಾಚಿಕೆ, ಸಾವು ಎಲ್ಲಕ್ಕೂ ನಾವು ಸೋಮಾರಿತನ ಎಂಬ ಒಂದೇ ಹೆಸರು ಇಟ್ಟುಕೊಂಡೇ ಇರುತ್ತಿದ್ದೆವು. ಹಿರಿಯರನ್ನು ಪಾತ್ರದಿಂದ ಇಳಿಸಿದ್ದು ಅನಿವಾರ್ಯವಾಗಿತ್ತು ಎಂದು ಮಾಸ್ಟರ್ ಈಗಲೂ ಹೇಳುತ್ತಾರೆ. ನಾನು ಅಷ್ಟು ಖಚಿತವಾಗಿ ಹೇಳಲಾರೆ. ಇಬ್ಬರಿಗೂ ಒಂದೊಂದು ಪಾತ್ರ ಉಳಿಸಿ ಉಳಿದದ್ದನ್ನು ಕೇಳಬಹುದಿತ್ತು.

ಬಿಟ್ಟುಹೋದ ಆ ಎರಡನೆಯ ಹಿರಿಯರ ಹೆಸರನ್ನು ನಾವು ಪಟ್ಟಿಯಿಂದ ತೆಗೆದಿಲ್ಲ. ಅವರ ಸಮನ್ಸನ್ನು ನಾನೇ ಒಯ್ಯುತ್ತೇನೆ. ಗೇಟಿನಲ್ಲಿಯೇ ತೆಗೆದುಕೊಳ್ಳುತ್ತಾರೆ, ಒಳಗೆ ಬನ್ನಿ ಎನ್ನುವುದಿಲ್ಲ. ಕಳೆದ ತಿಂಗಳು ಮಾತ್ರ ಲಕೋಟೆ ಒಡೆದು, ಕನ್ನಡಕ ಏರಿಸಿಕೊಂಡು, ಅಲ್ಲಿಯೇ ನಿಂತು ಓದಿದರು. "ಮೂರನೆಯ ಡಿಗ್ರಿಯ ವಿಧಿ ಯಾರು ನಡೆಸುತ್ತಾರೆ?" ಎಂದು ಕೇಳಿದರು. ಆ ಯುವ ವೈದ್ಯರಿಗೆ ಸದಸ್ಯತ್ವದ ಮೂರನೆಯ ಹಂತವಾದ ಆ ಡಿಗ್ರಿ ಕೊಡುತ್ತಿರುವುದು, ಈಗಿನ ಮಾಸ್ಟರ್ ತಾವೇ ನಡೆಸುತ್ತಾರೆ, ಆರು ವಾರಗಳಿಂದ ಕಲಿಯುತ್ತಿದ್ದಾರೆ ಎಂದೆ. ನಡುವಿನ ಒಂದು ಭಾಗದಲ್ಲಿ ಎಲ್ಲರೂ ಆತುರಪಡುತ್ತಾರೆ, ಅಲ್ಲಿ ನಿಧಾನಿಸಲು ಹೇಳಿ ಎಂದು ಆ ಭಾಗ ಯಾವುದೆಂದು ತಿಳಿಸಿದರು. ಲಕೋಟೆಯನ್ನು ಜೇಬಿಗಿಟ್ಟುಕೊಂಡು ಗೇಟು ಹಾಕಿದರು.